ಒಬ್ಬನಿಗೆ ಹಿಡಿದ ಮದ್ದು

ಸೋದರಮಾವನ ಹಿಮ್ಮಡಿಯಲ್ಲಿ ಕಪ್ಪು ಕಲೆ ಕಾಣಿಸಿಕೊಂಡಾಗ ಮನೆಯವರೆಲ್ಲ ಅದನ್ನು ಆಣಿ ಎಂದುಕೊಂಡರು. ಅಡಿಕೆ ತೋಟದಲ್ಲಿ ಬರಿಗಾಲಲ್ಲೇ ಆಯುಷ್ಯ ಕಳೆದವರಿಗೆ ಆಣಿಯೂ ಹೊಸದಲ್ಲ, ಹಿಮ್ಮಡಿಯ ಬಿರುಕೂ ಹೊಸದಲ್ಲ. ಗೇರೆಣ್ಣೆ ಹಚ್ಚಿದ್ದಾಯಿತು, ಮೇಣ ಕಾಯಿಸಿ ಇಟ್ಟಿದ್ದಾಯಿತು. ಅದು ಒಡೆದು ರಕ್ತ ಒಸರತೊಡಗಿದ ಮೇಲೆ ಬಯಾಪ್ಸಿ ಮಾಡಿಸಿದರು, ಮೆಲನೋಮ ಎಂದು ಬಂತು, ಚರ್ಮದ ಕ್ಯಾನ್ಸರಿನ ಒಂದು ಬಗೆ. ಅಷ್ಟರಲ್ಲಿ ತೊಡೆಸಂದಿಯ ಗಂಟುಗಳಿಗೂ ಹಬ್ಬಿತ್ತು, ಆಮೇಲೆ ಶ್ವಾಸಕೋಶಕ್ಕೂ. ಬೆಂಗಳೂರಿನ ಒಂದು ಆಸ್ಪತ್ರೆಯ ಡೇ ಕೇರ್ ವಾರ್ಡಿನಲ್ಲಿ ಸಾಲಾಗಿ ಹಾಕಿದ ಒರಗು ಕುರ್ಚಿಗಳಲ್ಲಿ ಒಂದರಲ್ಲಿ ಮಾವ, ಪಕ್ಕದ್ದರಲ್ಲಿ ಕೋಲಾರದ ಕಡೆಯ ನಿವೃತ್ತ ಮೇಷ್ಟ್ರು. ಅವರಿಗೂ ಮೆಲನೋಮವೇ, ಆದರೆ ಕೆನ್ನೆಯ ಮೇಲಿನ ಮಚ್ಚೆಯಿಂದ ಶುರುವಾದದ್ದು. ಇಬ್ಬರಿಗೂ ಒಂದೇ ಇಮ್ಯುನೊಥೆರಪಿ (ದೇಹದ ಸ್ವಂತ ರಕ್ಷಣಾ ವ್ಯವಸ್ಥೆಯನ್ನು ಕ್ಯಾನ್ಸರಿನ ಮೇಲೆ ಎಬ್ಬಿಸುವ ಚಿಕಿತ್ಸೆ), ಒಂದೇ ಥರದ ಡ್ರಿಪ್. ಮೇಷ್ಟ್ರ ಸ್ಕ್ಯಾನಿನಲ್ಲಿ ಗಡ್ಡೆಗಳು ಕರಗುತ್ತ ಬಂದವು. ಮಾವನದು ಬೆಳೆಯುತ್ತಲೇ ಹೋಯಿತು.

"ಅದೇ ಕಾಯಿಲೆ, ಅದೇ ಬಾಟ್ಲಿ. ಮೇಷ್ಟ್ರಿಗೆ ಹಿಡೀತು, ನಂಗ್ಯಾಕೆ ಹಿಡೀಲಿಲ್ಲ ಮಾರಾಯ?" ಎಂದು ಮಾವ ಕೇಳಿದ್ದು ನನ್ನನ್ನು. ಸಿಟ್ಟಿನಿಂದ ಕೇಳಿದ್ದಲ್ಲ; ಒಂದೇ ಗೊಬ್ಬರ ಹಾಕಿದ ಎರಡು ಗಿಡಗಳಲ್ಲಿ ಒಂದು ಮಾತ್ರ ಯಾಕೆ ಸೊರಗಿತು ಎಂದು ತೋಟದಲ್ಲಿ ನಿಂತು ವಿಚಾರಿಸುವ ದನಿಯಲ್ಲೇ ಕೇಳಿದರು. ನಾನು ಆ ಪ್ರಶ್ನೆಯನ್ನು ಡಾಕ್ಟರಿಗೆ ದಾಟಿಸಿದೆ. ಒಬ್ಬೊಬ್ಬರ ದೇಹ ಒಂದೊಂದು ರೀತಿ ಸ್ಪಂದಿಸುತ್ತದೆ ಎಂದರು. ಅದು ನಿಜ. ಹೊರಗೆ ಬಂದಾಗ ಅತ್ತೆ, ಮೇಷ್ಟ್ರ ಪುಣ್ಯ ದೊಡ್ಡದು ಎಂದರು. ಎರಡೂ ಮಾತುಗಳು ನನಗೆ ಒಂದೇ ಆಗಿ ಕೇಳಿಸಿದವು.

ಮಾವ ಈಗಿಲ್ಲ. ಆ ಪ್ರಶ್ನೆಯನ್ನು ಬೆನ್ನು ಹತ್ತಿ ಓದುತ್ತ ಹೋದಾಗ ನನಗೆ ಸಿಕ್ಕ ಮನುಷ್ಯ ಸ್ಟೀವನ್ ರೋಸೆನ್‌ಬರ್ಗ್. ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯಲ್ಲಿ ಅರ್ಧ ಶತಮಾನ ದುಡಿದ ಶಸ್ತ್ರಚಿಕಿತ್ಸಕ. ಅವರ ಇಡೀ ವೃತ್ತಿಜೀವನ ನನ್ನ ಮಾವನ ಪ್ರಶ್ನೆಯಿಂದಲೇ ಹುಟ್ಟಿದ್ದು, ಆದರೆ ಇನ್ನೊಂದು ತುದಿಯಿಂದ. ನನಗೇಕೆ ಹಿಡಿಯಲಿಲ್ಲ ಎಂಬುದರ ಬದಲು, ಇವನೊಬ್ಬನಿಗೆ ಹೇಗೆ ವಾಸಿಯಾಯಿತು ಎಂದು ಅವರು ಕೇಳಿಕೊಂಡರು.

ಪಿತ್ತಕೋಶ ತೆಗೆಯಲು ಹೋದಾಗ

1968ರಲ್ಲಿ ರೋಸೆನ್‌ಬರ್ಗ್ ಇನ್ನೂ ತರಬೇತಿಯಲ್ಲಿದ್ದ ಎಳೆಯ ಸರ್ಜನ್. ಬಾಸ್ಟನ್ನಿನ ವೆಸ್ಟ್ ರಾಕ್ಸ್‌ಬರಿಯಲ್ಲಿ ಮಾಜಿ ಸೈನಿಕರಿಗಾಗಿ ಇರುವ ಆಸ್ಪತ್ರೆಗೆ 63 ವರ್ಷದ ಒಬ್ಬಾತ ಹೊಟ್ಟೆನೋವೆಂದು ಬಂದ. ಪಿತ್ತಕೋಶದ ತೊಂದರೆ, ಸಾಮಾನ್ಯ ಕೇಸು. ಹಳೆಯ ಫೈಲು ಮಾತ್ರ ಸಾಮಾನ್ಯವಾಗಿರಲಿಲ್ಲ. ಹನ್ನೆರಡು ವರ್ಷ ಹಿಂದೆ ಅದೇ ಆಸ್ಪತ್ರೆಯಲ್ಲಿ ಈತನ ಹೊಟ್ಟೆ ತೆರೆದಿದ್ದರು. ಜಠರದಲ್ಲಿ ದೊಡ್ಡ ಕ್ಯಾನ್ಸರ್ ಗಡ್ಡೆಯಿತ್ತು, ಯಕೃತ್ತಿಗೂ ಹಬ್ಬಿತ್ತು. ಕೈಗೆಟುಕಿದ್ದಷ್ಟನ್ನು ಕತ್ತರಿಸಿ ತೆಗೆದು, ಉಳಿದದ್ದನ್ನು ಹಾಗೇ ಬಿಟ್ಟು, ಹೊಲಿದು ಮನೆಗೆ ಕಳಿಸಿದ್ದರು. ಆಮೇಲೆ ಯಾವ ಚಿಕಿತ್ಸೆಯನ್ನೂ ಕೊಟ್ಟಿರಲಿಲ್ಲ. ಅಂಥವನು ಕೆಲವೇ ತಿಂಗಳಲ್ಲಿ ಸಾಯಬೇಕಿತ್ತು. ಈಗ ಎದುರಿಗೆ ಕೂತು ಹೊಟ್ಟೆನೋವಿನ ಬಗ್ಗೆ ದೂರುತ್ತಿದ್ದಾನೆ.

ಪಿತ್ತಕೋಶ ತೆಗೆಯುವ ಹೊತ್ತಿಗೆ ರೋಸೆನ್‌ಬರ್ಗ್ ಯಕೃತ್ತನ್ನು ಕೈಯಾರೆ ತಡವಿ ನೋಡಿದರು. ನುಣುಪಾಗಿತ್ತು. ಹೊಟ್ಟೆಯೊಳಗೆ ಎಲ್ಲೂ ಗಡ್ಡೆಯ ಸುಳಿವಿಲ್ಲ. ಹಳೆಯ ಸ್ಲೈಡುಗಳನ್ನು ಹುಡುಕಿಸಿ ತೆಗೆಸಿ, ಹನ್ನೆರಡು ವರ್ಷ ಹಿಂದಿನ ನಿರ್ಣಯವೇ ತಪ್ಪಿರಬಹುದೇ ಎಂದು ಮತ್ತೊಮ್ಮೆ ಪರೀಕ್ಷೆ ಮಾಡಿಸಿದರು. ತಪ್ಪಿರಲಿಲ್ಲ. ಅದು ಕ್ಯಾನ್ಸರೇ. ಹಾಗಿದ್ದರೆ ಅದನ್ನು ಕರಗಿಸಿದ್ದು ಆತನ ದೇಹವೇ.

ಹೀಗೆ ತಾನಾಗಿ ಕ್ಯಾನ್ಸರ್ ಕರಗಿದ ಉದಾಹರಣೆಗಳು ವೈದ್ಯಸಾಹಿತ್ಯದಲ್ಲಿ ಅಲ್ಲೊಂದು ಇಲ್ಲೊಂದು ಇದ್ದವು. ಅವನ್ನು ವಿಸ್ಮಯ ಎಂದು ಬರೆದಿಟ್ಟು ಮುಂದೆ ಹೋಗುವುದು ರೂಢಿ. ನನಗೆ ಈ ಕಥೆಯಲ್ಲಿ ಮುಖ್ಯವೆನಿಸುವುದು ಆ ಕ್ಷಣದಲ್ಲಿ ರೋಸೆನ್‌ಬರ್ಗ್ ಮುಂದೆ ಹೋಗಲಿಲ್ಲ ಎಂಬುದು. ಅದೇ ಆಸ್ಪತ್ರೆಯಲ್ಲಿ ಜಠರದ ಕ್ಯಾನ್ಸರಿನಿಂದ ಸಾಯುತ್ತಿದ್ದ ಇನ್ನೊಬ್ಬ ರೋಗಿಗೆ ಈತನ ರಕ್ತವನ್ನು ಕೊಡಿಸಿದರು. ಗುಣವಾದವನ ರಕ್ತದಲ್ಲಿ ಏನೋ ಇರಬೇಕು, ಅದು ಇವನಿಗೂ ದಾಟಲಿ ಎಂಬ ಆಸೆ. ಏನೂ ಆಗಲಿಲ್ಲ, ಆ ರೋಗಿ ತೀರಿಕೊಂಡ. ಒಬ್ಬನಿಗೆ ಒದಗಿದ್ದನ್ನು ಇನ್ನೊಬ್ಬನಿಗೆ ಬಾಟ್ಲಿಯಲ್ಲಿ ತುಂಬಿ ಕೊಡಲಾಗದು ಎಂಬ ಸಂಗತಿ ಈ ವೃತ್ತಿಜೀವನದ ಮೊದಲ ಪುಟದಲ್ಲೇ ಇದೆ. ಅದು ಯಾಕೆ ಹಾಗೆ ಎಂದು ತಿಳಿಯಲು ಮಾತ್ರ ಹಲವು ದಶಕಗಳು ಬೇಕಾದವು.

ಈ ಹಟ ಎಲ್ಲಿಂದ ಬಂತು ಎಂಬುದಕ್ಕೆ ಅವರೇ ಹೇಳಿಕೊಂಡ ಒಂದು ಕಾರಣವಿದೆ. ನ್ಯೂಯಾರ್ಕಿನ ಬ್ರಾಂಕ್ಸಿನಲ್ಲಿ 1940ರಲ್ಲಿ ಹುಟ್ಟಿದವರು. ತಂದೆ ತಾಯಿ ಪೋಲೆಂಡಿನಿಂದ ಬಂದ ಯಹೂದಿಗಳು, ಸಣ್ಣ ಹೋಟೆಲು ನಡೆಸುತ್ತಿದ್ದರು. ಯುದ್ಧ ಮುಗಿದ ಮೇಲೆ ಯುರೋಪಿನಿಂದ ಒಂದೊಂದೇ ಕಾರ್ಡು ಬರುತ್ತಿತ್ತು, ಯಾವ ನೆಂಟರು ಯಾವ ಶಿಬಿರದಲ್ಲಿ ಸತ್ತರು ಎಂಬ ಸುದ್ದಿ ಹೊತ್ತು. ಮನುಷ್ಯರು ಮನುಷ್ಯರಿಗೆ ಹೀಗೆ ಮಾಡಬಲ್ಲರು ಎಂದು ತಿಳಿದ ಆ ಎಳೆ ವಯಸ್ಸಿನಲ್ಲೇ ತಾನು ವೈದ್ಯನಾಗಬೇಕು, ವೈದ್ಯಕೀಯ ಸಂಶೋಧನೆ ಮಾಡಬೇಕು ಎಂದು ನಿಶ್ಚಯಿಸಿದೆ ಎಂದಿದ್ದಾರೆ. ಜಾನ್ಸ್ ಹಾಪ್ಕಿನ್ಸ್‌ನಲ್ಲಿ ವೈದ್ಯ ಪದವಿ, ಹಾರ್ವರ್ಡಿನಲ್ಲಿ ಜೈವಿಕ ಭೌತವಿಜ್ಞಾನದ ಪಿಎಚ್.ಡಿ. 1974ರಲ್ಲಿ ಮೇರಿಲ್ಯಾಂಡ್ ರಾಜ್ಯದ ಬೆಥೆಸ್ಡಾದಲ್ಲಿ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯ ಶಸ್ತ್ರಚಿಕಿತ್ಸಾ ವಿಭಾಗದ ಮುಖ್ಯಸ್ಥ.

ಮೊದಲು ಬಂದವರು

ಬೆಥೆಸ್ಡಾದ ಆ ಆಸ್ಪತ್ರೆಗೆ ಬರುವವರು ಬೇರೆಲ್ಲ ಚಿಕಿತ್ಸೆ ಮುಗಿದವರು. ಅಲ್ಲಿ ರೋಗಿಯಿಂದ ಹಣ ಪಡೆಯುವುದಿಲ್ಲ. ಸಂಶೋಧನೆಯಲ್ಲಿ ಪಾಲ್ಗೊಳ್ಳುವುದಷ್ಟೇ ಷರತ್ತು. ಟಿ-ಕಣಗಳೆಂಬ ಬಿಳಿ ರಕ್ತಕಣಗಳು ಕ್ಯಾನ್ಸರನ್ನು ಗುರುತಿಸಿ ಕೊಲ್ಲಬಲ್ಲವು ಎಂಬುದು ರೋಸೆನ್‌ಬರ್ಗ್ ನಂಬಿಕೆ. ಆದರೆ ಅವನ್ನು ದೇಹದ ಹೊರಗೆ ಬದುಕಿಸಿ ಬೆಳೆಸುವ ದಾರಿಯೇ ಇರಲಿಲ್ಲ. 1976ರಲ್ಲಿ ಅದೇ ಸಂಸ್ಥೆಯ ಡೋರಿಸ್ ಮಾರ್ಗನ್, ಫ್ರಾನ್ಸಿಸ್ ರುಸೆಟ್ಟಿ ಮತ್ತು ರಾಬರ್ಟ್ ಗ್ಯಾಲೊ ಟಿ-ಕಣಗಳನ್ನು ಬೆಳೆಸುವ ಒಂದು ಪ್ರೊಟೀನನ್ನು ಗುರುತಿಸಿದರು. ಇಂಟರ್‌ಲ್ಯೂಕಿನ್-2 ಎಂದು ಆಮೇಲೆ ಹೆಸರಾದದ್ದು ಅದೇ. 1983ರಲ್ಲಿ ಅದರ ವಂಶವಾಹಿ ಸಿಕ್ಕ ಮೇಲೆ ಬ್ಯಾಕ್ಟೀರಿಯಾಗಳಲ್ಲಿ ಬೇಕಾದಷ್ಟು ತಯಾರಿಸುವುದು ಸಾಧ್ಯವಾಯಿತು.

1984ರ ಕೊನೆಯಲ್ಲಿ ನೌಕಾಪಡೆಯ ಒಬ್ಬ ಮಹಿಳಾ ಅಧಿಕಾರಿ ಬಂದರು. 33 ವರ್ಷ, ಮೈಯೆಲ್ಲ ಹಬ್ಬಿದ ಮೆಲನೋಮ. ಅವರಿಗೆ ಇಂಟರ್‌ಲ್ಯೂಕಿನ್-2 ಮತ್ತು ಅದರಲ್ಲಿ ಬೆಳೆಸಿದ ಅವರದೇ ಬಿಳಿ ರಕ್ತಕಣಗಳನ್ನು ಕೊಟ್ಟರು. ಈ ಮದ್ದು ರಕ್ತನಾಳಗಳಿಂದ ನೀರು ಸೋರುವಂತೆ ಮಾಡುತ್ತದೆ, ಮೈ ಊದಿಕೊಳ್ಳುತ್ತದೆ, ಶ್ವಾಸಕೋಶದಲ್ಲಿ ನೀರು ತುಂಬುತ್ತದೆ. ಆಕೆಯ ಉಸಿರಿಗೇ ಕುತ್ತು ಬಂದು ಕಷ್ಟದಲ್ಲಿ ಪಾರಾದರು. ಕೆಲವು ತಿಂಗಳಲ್ಲಿ ಗಡ್ಡೆಗಳು ಮಾಯವಾದವು, ಮತ್ತೆ ಬರಲಿಲ್ಲ. 1985ರ ಡಿಸೆಂಬರಿನಲ್ಲಿ ಪ್ರಕಟವಾದ ವರದಿಯಲ್ಲಿ 25 ರೋಗಿಗಳಿದ್ದಾರೆ. 11 ಜನರ ಗಡ್ಡೆ ಅರ್ಧಕ್ಕಿಂತ ಹೆಚ್ಚು ಕುಗ್ಗಿತ್ತು, ಒಬ್ಬರಲ್ಲಿ ಪೂರ್ತಿ ಹೋಗಿತ್ತು.

ಈ ಭಾಗವನ್ನು ಹೇಳುವವರೆಲ್ಲ ಇಲ್ಲಿಗೆ ಬಂದು ಹಗುರಾಗುತ್ತಾರೆ. ನನಗೆ ಹಾಗಾಗುವುದಿಲ್ಲ. ಆಕೆಗಿಂತ ಮೊದಲು ಇಂಥದೇ ಪ್ರಯೋಗಗಳಿಗೆ ಒಳಪಟ್ಟ 60ಕ್ಕೂ ಹೆಚ್ಚು ಜನರಿದ್ದರು, ಅವರಲ್ಲಿ ಯಾರಿಗೂ ಗುಣವಾಗಲಿಲ್ಲ. ಅವರೂ ಯಾರದೋ ಮಾವ, ಯಾರದೋ ಅಕ್ಕ. ಊರಿಂದ ಹೊರಡುವಾಗ ಅವರ ಮನೆಯವರೂ ದೇವರಿಗೆ ಕೈ ಮುಗಿದು ಕಳಿಸಿರುತ್ತಾರೆ. ಅವರಲ್ಲಿ ಒಬ್ಬೊಬ್ಬರೂ ಸತ್ತಾಗ ಸ್ವಲ್ಪ ಹೆಚ್ಚು ಡೋಸು, ಸ್ವಲ್ಪ ಹೆಚ್ಚು ಕಣಗಳು ಎಂದು ಪ್ರಯೋಗ ಮುಂದೆ ಹೋಯಿತು. ಹೀಗೆ ಮುಂದುವರಿಯಲು ಎಂಥ ಎದೆ ಬೇಕು ಎಂದು ಯೋಚಿಸಿದ್ದೇನೆ. ಮುಂದುವರಿಯುವುದು ಸರಿಯೇ ಎಂದೂ ಯೋಚಿಸಿದ್ದೇನೆ. ಆಗ ಅದನ್ನು ಗಟ್ಟಿಯಾಗಿ ಕೇಳಿದವರಿದ್ದರು. ಮೇಯೊ ಕ್ಲಿನಿಕ್ಕಿನ ಕ್ಯಾನ್ಸರ್ ತಜ್ಞ ಚಾರ್ಲ್ಸ್ ಮೊರ್ಟೆಲ್ 1986ರಲ್ಲಿ ಅಮೆರಿಕನ್ ವೈದ್ಯ ಸಂಘದ ಪತ್ರಿಕೆಯಲ್ಲೇ ಕಟುವಾಗಿ ಬರೆದರು: ಇಷ್ಟು ತೀವ್ರ ಅಡ್ಡಪರಿಣಾಮ, ಇಷ್ಟು ವಿಪರೀತ ಖರ್ಚು, ಸಿಗುವ ಫಲ ಇಷ್ಟೇ; ಇದು ಸಮರ್ಥನೀಯವಲ್ಲ ಎಂಬ ಅರ್ಥದಲ್ಲಿ. ಸರಾಸರಿ ಲೆಕ್ಕ ಹಾಕಿದರೆ ಮೊರ್ಟೆಲ್ ಹೇಳಿದ್ದರಲ್ಲಿ ಹುರುಳಿತ್ತು. ಬಹುಪಾಲು ರೋಗಿಗಳಿಗೆ ಆ ಮದ್ದಿನಿಂದ ನೋವಷ್ಟೇ ಸಿಕ್ಕಿತು.

ಆದರೂ ನಾನು ರೋಸೆನ್‌ಬರ್ಗ್ ಪಕ್ಷ. ಗಡ್ಡೆಯ ಗಾತ್ರ ಸರಾಸರಿಯಲ್ಲಿ ಎಷ್ಟು ಕುಗ್ಗಿತು ಎಂದು ನೋಡುವವನಿಗೆ ಆ ಅಧಿಕಾರಿ ಒಂದು ಅಪವಾದ. ಪಿತ್ತಕೋಶದ ರೋಗಿಯನ್ನು ಕಂಡವರಿಗೆ ಆಕೆಯೇ ಸಾಕ್ಷಿ: ಹರಡಿದ ಕ್ಯಾನ್ಸರನ್ನು ರೋಗಿಯ ಸ್ವಂತ ರಕ್ಷಣಾ ವ್ಯವಸ್ಥೆಯನ್ನು ಎಬ್ಬಿಸಿ ಕರಗಿಸಬಹುದು ಎಂಬುದಕ್ಕೆ. ಒಮ್ಮೆ ಆದದ್ದಕ್ಕೆ ಕಾರಣ ಇದ್ದೇ ಇರುತ್ತದೆ, ಕಾರಣ ಇದ್ದರೆ ಹುಡುಕಬಹುದು. ಇಂಟರ್‌ಲ್ಯೂಕಿನ್-2ಕ್ಕೆ ಮೂತ್ರಪಿಂಡದ ಕ್ಯಾನ್ಸರಿಗೆ 1992ರಲ್ಲಿ, ಮೆಲನೋಮಕ್ಕೆ 1998ರಲ್ಲಿ ಅಮೆರಿಕದ ಮಂಜೂರಾತಿ ಸಿಕ್ಕಿತು.

ಗಡ್ಡೆಯೊಳಗಿನ ಸೈನಿಕರು

ಇಲ್ಲಿಂದ ಮುಂದಿನದು ನನಗೆ ಅತ್ಯಂತ ಇಷ್ಟವಾದ ಭಾಗ. ರಕ್ತದಲ್ಲಿ ತಿರುಗುವ ಕಣಗಳನ್ನು ಬಿಟ್ಟು ಗಡ್ಡೆಯೊಳಗೇ ಹೊಕ್ಕಿರುವ ಕಣಗಳ ಕಡೆ ರೋಸೆನ್‌ಬರ್ಗ್ ತಿರುಗಿದರು. ಕತ್ತರಿಸಿ ತೆಗೆದ ಮೆಲನೋಮವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಕ್ಯಾನ್ಸರ್ ಕಣಗಳ ನಡುವೆ ಟಿ-ಕಣಗಳು ಕಾಣುತ್ತವೆ. ಅವು ಶತ್ರುವನ್ನು ಗುರುತಿಸಿ ಒಳನುಗ್ಗಿದವು, ಆದರೆ ಸಂಖ್ಯೆಯಲ್ಲಿ ಕಡಿಮೆ, ಅಲ್ಲಿಯ ವಾತಾವರಣದಲ್ಲಿ ಸುಸ್ತಾದವು. ಅವನ್ನೇ ಹೊರತೆಗೆದು, ತುಂಬ ಸಂಖ್ಯೆಯಲ್ಲಿ ಬೆಳೆಸಿ, ಅದೇ ರೋಗಿಗೆ ಹಿಂತಿರುಗಿಸಿದರೆ?

ಕೆಲಸ ನಡೆಯುವುದು ಹೀಗೆ. ಸರ್ಜನ್ ಒಂದು ಗಡ್ಡೆಯನ್ನು ತೆಗೆಯುತ್ತಾರೆ. ಲ್ಯಾಬಿನವರು ಅದನ್ನು ಕೆಲವೇ ಮಿಲಿಮೀಟರಿನ ಚೂರುಗಳಾಗಿ ಕತ್ತರಿಸಿ, ಒಂದೊಂದು ಚೂರನ್ನೂ ಪುಟ್ಟ ಗುಳಿಯೊಂದರಲ್ಲಿ ಇಂಟರ್‌ಲ್ಯೂಕಿನ್-2 ಬೆರೆತ ದ್ರವದಲ್ಲಿಡುತ್ತಾರೆ. ಟಿ-ಕಣಗಳು ಚೂರಿನಿಂದ ಹೊರಬಂದು ಹೆಚ್ಚುತ್ತವೆ, ಕ್ಯಾನ್ಸರ್ ಕಣಗಳು ಸಾಯುತ್ತವೆ. ಯಾವ ಗುಳಿಯ ಕಣಗಳು ಆ ರೋಗಿಯ ಕ್ಯಾನ್ಸರನ್ನು ಗುರುತಿಸುತ್ತವೆ ಎಂದು ಪರೀಕ್ಷಿಸಿ ಅವನ್ನಷ್ಟೇ ಮುಂದಕ್ಕೆ ಬೆಳೆಸುತ್ತಾರೆ. ನಮ್ಮ ಕಡೆ ಒಳ್ಳೆಯ ತಾಯಿಮರ ನೋಡಿ ಬೀಜದಡಿಕೆ ಆರಿಸುವ ಹಾಗೆ. ವಾರಗಟ್ಟಲೆ ಸಾಕಿದ ಮೇಲೆ ಅವು ಸಾವಿರಾರು ಕೋಟಿಗಳಾಗಿರುತ್ತವೆ. ಅವನ್ನು ತುಂಬಿದ ಚೀಲ ಆ ರೋಗಿಗಲ್ಲದೆ ಇನ್ನಾರಿಗೂ ಬಳಕೆಗೆ ಬಾರದು.

1988ರಲ್ಲಿ 20 ಮೆಲನೋಮ ರೋಗಿಗಳ ವರದಿ ಬಂತು. 11 ಜನರಲ್ಲಿ ಗಡ್ಡೆ ಕುಗ್ಗಿತ್ತು, ಆದರೆ ಬಹಳ ಕಾಲ ನಿಲ್ಲಲಿಲ್ಲ. ಕೆಲವರಲ್ಲಿ ಎರಡು ತಿಂಗಳು, ಹೆಚ್ಚೆಂದರೆ ವರ್ಷದ ಸುಮಾರು. ಒಳಗೆ ಬಿಟ್ಟ ಕಣಗಳು ನೆಲೆಯೂರದೆ ಸಾಯುತ್ತಿದ್ದವು. ಹದಿನಾಲ್ಕು ವರ್ಷದ ನಂತರ, 2002ರಲ್ಲಿ, ಇದಕ್ಕೆ ಪರಿಹಾರ ಸಿಕ್ಕಿತು: ಕಣಗಳನ್ನು ಕೊಡುವ ಮೊದಲು ಕೀಮೋಥೆರಪಿಯಿಂದ ದೇಹದಲ್ಲಿರುವ ಹಳೆಯ ಲಿಂಫೋಸೈಟುಗಳನ್ನು (ಟಿ-ಕಣಗಳೂ ಸೇರಿದ ಬಿಳಿ ರಕ್ತಕಣಗಳ ಬಗೆ) ಖಾಲಿ ಮಾಡುವುದು. ಆಗ ಹೊಸಬರಿಗೆ ಜಾಗವೂ ಪೋಷಣೆಯೂ ಸಿಗುತ್ತದೆ, ಅಡ್ಡಿಪಡಿಸುವ ಕಣಗಳೂ ಇರುವುದಿಲ್ಲ. 13 ರೋಗಿಗಳಲ್ಲಿ 6 ಜನ ಸ್ಪಂದಿಸಿದರು. 2011ರಲ್ಲಿ 93 ರೋಗಿಗಳ ದೀರ್ಘ ಲೆಕ್ಕ ಬಂದಾಗ 20 ಜನರ ಕ್ಯಾನ್ಸರ್ ಪೂರ್ತಿ ಹೋಗಿತ್ತು, ಅವರಲ್ಲಿ 19 ಜನ ಮೂರು ವರ್ಷ ದಾಟಿಯೂ ಕ್ಯಾನ್ಸರ್ ಮರಳದೆ ಇದ್ದರು. ಹರಡಿದ ಮೆಲನೋಮದ ವಿಷಯದಲ್ಲಿ ಈ 19 ಎಂಬ ಅಂಕಿಯನ್ನು ಓದುವಾಗ ನನ್ನ ಕಣ್ಣು ತುಂಬಿತ್ತು.

ಈ ಕಣಗಳು ಗುರುತಿಸುವುದು ಏನನ್ನು ಎಂಬುದೇ ಆಮೇಲಿನ ವರ್ಷಗಳ ಹುಡುಕಾಟ. ಬಿಸಿಲಿನ ಅತಿನೇರಳೆ ಕಿರಣ ಚರ್ಮದ ಕಣಗಳ ಡಿಎನ್ಎಯಲ್ಲಿ ಸಾವಿರಾರು ತಿದ್ದುಪಡಿ ಮಾಡಿರುತ್ತದೆ. ಆ ತಿದ್ದುಪಡಿಗಳಿಂದ ಹುಟ್ಟುವ ವಿಚಿತ್ರ ಪ್ರೊಟೀನು ಚೂರುಗಳಲ್ಲಿ ಕೆಲವನ್ನು ಟಿ-ಕಣಗಳು ಪರಕೀಯವೆಂದು ಗುರುತಿಸುತ್ತವೆ. ಒಬ್ಬ ರೋಗಿಯ ತಿದ್ದುಪಡಿಗಳ ಪಟ್ಟಿ ಇನ್ನೊಬ್ಬರದಕ್ಕೆ ಹೆಚ್ಚುಕಡಿಮೆ ಹೋಲುವುದೇ ಇಲ್ಲ. ವೆಸ್ಟ್ ರಾಕ್ಸ್‌ಬರಿಯ ರಕ್ತ ಪಕ್ಕದವನಿಗೆ ನಾಟದೆ ಹೋದದ್ದು ಇಂದಿನ ತಿಳಿವಳಿಕೆಗೆ ಆಶ್ಚರ್ಯವಲ್ಲ.

ಮಾವನ ಪ್ರಶ್ನೆಗೂ ಇಲ್ಲಿ ಒಂದು ಎಳೆ ಸಿಗುತ್ತದೆ. ಅಂಗಾಲು, ಅಂಗೈ, ಉಗುರಿನ ಅಡಿ ಹುಟ್ಟುವ ಮೆಲನೋಮಕ್ಕೂ ಬಿಸಿಲಿಗೂ ಸಾಮಾನ್ಯವಾಗಿ ಸಂಬಂಧವಿಲ್ಲ. ಅದರಲ್ಲಿ ತಿದ್ದುಪಡಿಗಳು ಕಡಿಮೆ, ಆದ್ದರಿಂದ ಟಿ-ಕಣಗಳಿಗೆ ಗುರುತು ಸಿಗುವುದೂ ಕಷ್ಟ. ಮಾವನಿಗೆ ಕೊಟ್ಟಂಥ ಇಮ್ಯುನೊಥೆರಪಿ ಔಷಧಗಳು ಟಿ-ಕಣಗಳ ಮೇಲಿನ ತಡೆಯನ್ನು ತೆಗೆಯುತ್ತವೆ ಅಷ್ಟೇ. ಗುರುತೇ ಸಿಗದ ಕಡೆ ತಡೆ ತೆಗೆದು ಫಲ ಕಡಿಮೆ. ಮೇಷ್ಟ್ರದು ಬಿಸಿಲು ಬೀಳುವ ಕೆನ್ನೆ, ಮಾವನದು ಹಿಮ್ಮಡಿ. ಪ್ರತಿಯೊಬ್ಬರ ವಿಷಯದಲ್ಲೂ ಇದೇ ಕಾರಣ ಎನ್ನಲಾಗದು. ಆದರೆ ಆ ದಿನ ಯಾರಾದರೂ ಇಷ್ಟನ್ನು ಬಿಡಿಸಿ ಹೇಳಿದ್ದರೆ, ಮಣ್ಣು ನೀರು ಬಲ್ಲ ಮಾವನಿಗೆ ಖಂಡಿತ ಅರ್ಥವಾಗುತ್ತಿತ್ತು. ಗುಣವಾಗದ ರೋಗಿಗೂ ಕಾರಣ ತಿಳಿಯುವ ಹಕ್ಕಿದೆ.

(ಜಮೈಕಾದ ಗಾಯಕ ಬಾಬ್ ಮಾರ್ಲಿಯನ್ನು 1981ರಲ್ಲಿ, 36ನೇ ವಯಸ್ಸಿಗೆ ಕೊಂದದ್ದೂ ಕಾಲಿನ ಹೆಬ್ಬೆರಳಿನ ಉಗುರಿನ ಅಡಿ ಶುರುವಾದ ಇಂಥದೇ ಮೆಲನೋಮ. ಕಪ್ಪು, ಕಂದು ಬಣ್ಣದ ನಮಗೆ ಚರ್ಮದ ಕ್ಯಾನ್ಸರ್ ಬರುವುದೇ ಇಲ್ಲ ಎನ್ನುವವರಿಗೆ ನಾನು ಈ ಹೆಸರು ಹೇಳುತ್ತೇನೆ. ಭಾರತದಲ್ಲಿ ಮೆಲನೋಮ ಅಪರೂಪ ನಿಜ. ಬಂದಾಗ ಹೆಚ್ಚಾಗಿ ಪಾದಕ್ಕೇ ಬರುತ್ತದೆ, ಪಾದವನ್ನು ಯಾರೂ ತಿರುಗಿಸಿ ನೋಡುವುದಿಲ್ಲ.)

ಚೀಲದ ಬೆಲೆ

2018ರ ನೊಬೆಲ್ ಟಿ-ಕಣಗಳ ತಡೆ ತೆಗೆಯುವ ವಿದ್ಯೆಗೆ, ಜೇಮ್ಸ್ ಆಲಿಸನ್ ಮತ್ತು ತಸುಕು ಹೊಂಜೊ ಅವರಿಗೆ ಹೋಯಿತು. ಅದು ಬಾಟ್ಲಿಯಲ್ಲಿ ಬರುವ ಮದ್ದು, ಯಾರಿಗೆ ಬೇಕಾದರೂ ಕೊಡಬಹುದು, ಹಾಗಾಗಿ ಜಗತ್ತಿನಾದ್ಯಂತ ಬೇಗ ಹರಡಿತು. ರೋಸೆನ್‌ಬರ್ಗ್ ಅವರ ಚಿಕಿತ್ಸೆಗೆ ಅಂಥ ಓಟ ಸಾಧ್ಯವಿರಲಿಲ್ಲ. 2022ರಲ್ಲಿ ನೆದರ್ಲೆಂಡ್ಸ್ ಮತ್ತು ಡೆನ್ಮಾರ್ಕಿನ ವೈದ್ಯರು 168 ರೋಗಿಗಳ ಮೇಲೆ ನಡೆಸಿದ ಹೋಲಿಕೆ ಪ್ರಯೋಗದಲ್ಲಿ ತಡೆ ತೆಗೆಯುವ ಮದ್ದುಗಳಲ್ಲೊಂದಾದ ಇಪಿಲಿಮುಮ್ಯಾಬ್ ಪಡೆದವರ 21% ಎದುರು ಗಡ್ಡೆಯಿಂದ ಬೆಳೆಸಿದ ಕಣಗಳನ್ನು ಪಡೆದವರಲ್ಲಿ 49% ಜನ ಸ್ಪಂದಿಸಿದರು. 2024ರ ಫೆಬ್ರವರಿ 16ರಂದು ಅಮೆರಿಕದಲ್ಲಿ ಲೈಫಿಲ್ಯೂಸೆಲ್ ಎಂಬ ಹೆಸರಿನಲ್ಲಿ ಈ ಬಗೆಯ ಚಿಕಿತ್ಸೆಗೆ ಮೊದಲ ಮಂಜೂರಾತಿ ಸಿಕ್ಕಿತು. 1988ರ ವರದಿಯಿಂದ ಎಣಿಸಿದರೆ 36 ವರ್ಷ. ರೋಸೆನ್‌ಬರ್ಗ್‌ಗೆ ಆಗ 83.

ಆಗ ಇಟ್ಟ ಬೆಲೆ 5,15,000 ಡಾಲರ್. ನಮ್ಮ ಲೆಕ್ಕದಲ್ಲಿ ನಾಲ್ಕು ಕೋಟಿ ರೂಪಾಯಿ ಮೀರುತ್ತದೆ. ರೋಗಿಯಿಂದ ಹಣ ಪಡೆಯದ ಸರ್ಕಾರಿ ಆಸ್ಪತ್ರೆಯಲ್ಲಿ, ಸಾರ್ವಜನಿಕ ಹಣದಲ್ಲಿ, ಬದುಕುವ ಭರವಸೆ ಇಲ್ಲದಿದ್ದರೂ ಮೈಕೊಟ್ಟ ನೂರಾರು ರೋಗಿಗಳಿಂದ ಬೆಳೆದ ವಿದ್ಯೆಗೆ ಈ ಬೆಲೆ ಕಟ್ಟಿದ್ದಾರೆ. ಇದು ನನಗೆ ಸಹಿಸಲಾಗದ ಸಂಗತಿ. ಒಬ್ಬೊಬ್ಬರಿಗೂ ಬೇರೆಬೇರೆ ತಯಾರಿಸಬೇಕು, ಖರ್ಚು ಬರುತ್ತದೆ, ಒಪ್ಪುತ್ತೇನೆ. ಆ ಖರ್ಚಿನ ಒಂದು ಭಾಗ ಲ್ಯಾಬಿನಲ್ಲಿ ಹಗಲಿರುಳು ಕಣಗಳನ್ನು ಕಾಯುವ ನುರಿತ ಕೈಗಳದ್ದು ಎಂದೂ ಗೊತ್ತು. ಆ ಕೈಗಳಿಲ್ಲದಿದ್ದರೆ ಏನಾಗುತ್ತದೆ ಎಂಬುದು 2025ರ ಏಪ್ರಿಲ್‌ನಲ್ಲಿ ಬೆಥೆಸ್ಡಾದಲ್ಲೇ ಕಂಡಿತು. ಸರ್ಕಾರಿ ಸಿಬ್ಬಂದಿ ಕಡಿತದಲ್ಲಿ ಕಣ ತಯಾರಿಸುವವರನ್ನೂ ತೆಗೆದುಹಾಕಿದ್ದರಿಂದ ತಮ್ಮ ಇಬ್ಬರು ರೋಗಿಗಳ ಚಿಕಿತ್ಸೆ ತಡವಾಗಿದೆ ಎಂದು ರೋಸೆನ್‌ಬರ್ಗ್ ಪತ್ರಿಕೆಯವರಿಗೆ ಹೇಳಿದರು. ಹರಡಿದ ಕ್ಯಾನ್ಸರ್ ಇರುವವರಿಗೆ ವಾರಗಳ ತಡ ಸಣ್ಣದಲ್ಲ.

ನಮ್ಮಲ್ಲಿ ಈ ವಿದ್ಯೆಯ ಒಂದು ಕವಲು ಆಗಲೇ ಬೇರೂರಿದೆ. ಮಾರ್ಪಡಿಸಿದ ಟಿ-ಕಣಗಳಿಂದ ಲಿಂಫೋಮ ಎಂಬ ರಕ್ತದ ಕ್ಯಾನ್ಸರ್ ಕರಗಿದ್ದನ್ನು 2010ರಲ್ಲಿ ಮೊದಲಿಗೆ ವರದಿ ಮಾಡಿದ್ದು ರೋಸೆನ್‌ಬರ್ಗ್ ಅವರ ವಿಭಾಗದ ತಂಡವೇ. ಆ ಕಾರ್-ಟಿ ಚಿಕಿತ್ಸೆಯನ್ನು ಐಐಟಿ ಬಾಂಬೆ ಮತ್ತು ಟಾಟಾ ಮೆಮೋರಿಯಲ್ ಸೇರಿ ಭಾರತದಲ್ಲಿ ತಯಾರಿಸಿದರು. 2023ರಲ್ಲಿ ಮಂಜೂರಾತಿ ಸಿಕ್ಕಿತು, ಬೆಲೆ ಅಮೆರಿಕದ್ದರ ಸುಮಾರು ಹತ್ತನೇ ಒಂದು ಭಾಗ. ಅದರ ಮುಂದಾಳು ರಾಹುಲ್ ಪುರ್ವಾರ್ ಬಾಸ್ಟನ್ನಿನಲ್ಲಿದ್ದಾಗ ಮೆಲನೋಮ ಮತ್ತು ಟಿ-ಕಣಗಳ ಮೇಲೆಯೇ ಕೆಲಸ ಮಾಡಿದವರು. ಬೆಂಗಳೂರಿನ ಇಮ್ಯುನೀಲ್ ಕಂಪನಿ ಕೂಡ 2025ರಲ್ಲಿ ತನ್ನ ಕಾರ್-ಟಿಯನ್ನು ಹೊರತಂದಿತು. ಅಂದರೆ ರೋಗಿಯ ಕಣಗಳನ್ನು ತೆಗೆದು, ಶುದ್ಧ ಕೋಣೆಯಲ್ಲಿ ಬೆಳೆಸಿ, ಹಿಂತಿರುಗಿಸಬಲ್ಲ ಕೈಗಳು ಈಗ ನಮ್ಮ ಊರಲ್ಲೇ ಇವೆ.

ಆದರೆ ಅವೆಲ್ಲ ರಕ್ತದ ಕ್ಯಾನ್ಸರುಗಳಿಗೆ. ಹಿಮ್ಮಡಿಯ ಮೆಲನೋಮಕ್ಕೆ ಬೇಕಾದದ್ದು ಇನ್ನೊಂದು ಏರ್ಪಾಡು: ಗಡ್ಡೆ ತೆಗೆದ ಸರ್ಜನ್ ಅದನ್ನು ಅದೇ ಗಂಟೆಯಲ್ಲಿ ಕಣ ಬೆಳೆಸುವವರ ಕೈಗೆ ಕೊಡಬೇಕು, ಅವರು ಅದರ ಡಿಎನ್ಎ ಓದಿಸಿ ಯಾವ ಕಣ ಯಾವ ಗುರುತನ್ನು ಹಿಡಿಯುತ್ತದೆ ಎಂದು ಹುಡುಕಬೇಕು. ಬೆಥೆಸ್ಡಾದಲ್ಲಿ ಇದೆಲ್ಲ ಒಂದೇ ಸೂರಿನಡಿ ನಡೆಯಿತು, ಅದಕ್ಕೇ ಅಷ್ಟು ವರ್ಷ ಹಿಡಿದ ಕೆಲಸ ಕೈಬಿಡದೆ ಮುಂದುವರಿಯಿತು. ಕಂದು ಮೈಬಣ್ಣದವರ ಪಾದದ ಮೆಲನೋಮದ ಬಗ್ಗೆ ಬಿಳಿಯರ ದೇಶಗಳು ಮೊದಲ ಆಸ್ಥೆ ವಹಿಸಬೇಕೆಂದು ಕಾಯುವುದು ನ್ಯಾಯವಲ್ಲ. ನಮ್ಮ ಆಸ್ಪತ್ರೆಗಳಲ್ಲಿ ಇಂಥ ರೋಗಿಗಳ ಕಾಲಿಂದ, ತೊಡೆಸಂದಿಯಿಂದ ಗಡ್ಡೆಗಳನ್ನು ಕತ್ತರಿಸಿ ತೆಗೆಯುವುದು ನಡೆದೇ ಇದೆ. ಒಂದು ಚೂರು ಪೆಥಾಲಜಿಗೆ ಹೋಗುತ್ತದೆ, ಉಳಿದದ್ದು ಆಸ್ಪತ್ರೆ ಕಸದ ಹಳದಿ ಚೀಲಕ್ಕೆ ಹೋಗಿ ಸುಟ್ಟುಹೋಗುತ್ತದೆ. ಅದರೊಳಗೆ ಹೊಕ್ಕ ಟಿ-ಕಣಗಳನ್ನು, ರೋಗಿಯ ಒಪ್ಪಿಗೆ ಪಡೆದು, ಬೆಳೆಸಿ ನೋಡುವ ಕೆಲಸ ಬೆಂಗಳೂರಿನಲ್ಲಿ ಈಗಲೇ ಶುರುವಾಗಬಹುದು.